ಮುನಿವೆಂಕಟಪ್ಪನವರ ದೀಕ್ಷಾಸ್ನಾನ

ಪೂಜ್ಯ ಎಲೀಷ ಜ್ಞಾನಮಿತ್ರರು ಕೋಲಾರ ಸೀಮೆಯ ಒಂದು ಸಣ್ಣ ಬ್ಯಾಪ್ಟಿಸ್ಟ್ ವೇದಶಾಲೆಯಲ್ಲಿ ಬಹುಕಾಲ ದೈವಶಾಸ್ತ್ರ ಬೋಧಿಸಿದವರು. ತಗಡಿನ ಮಾಡಿನ ಎರಡು ಕೋಣೆಗಳೇ ಅವರ ನಿವಾಸ. ಕ್ರೈಸ್ತ ಸಭೆಗೆ ಸೇರಿಸಿಕೊಳ್ಳುವ ದೀಕ್ಷಾಸ್ನಾನವೆಂದರೆ ತಲೆಗೆ ನೀರೆರೆಯುವುದಲ್ಲ, ವಿಶ್ವಾಸಿಯನ್ನು ನೀರಿನಲ್ಲಿ ಪೂರ್ತಿ ಮುಳುಗಿಸುವುದೇ ಸರಿಯೆಂದು ಅವರು ಬರೆದಿದ್ದ ಗ್ರಂಥವನ್ನು ಶಿಷ್ಯರೆಲ್ಲ ಶ್ರದ್ಧೆಯಿಂದ ಓದುತ್ತಿದ್ದರು.

ಒಂದು ಮಧ್ಯಾಹ್ನ ಅವರು ಬದನೆ ಗಿಡಗಳಿಗೆ ನೀರುಣಿಸುತ್ತಿದ್ದಾಗ ಹಳೆಯ ಶಿಷ್ಯ ಥಿಯೋಫಿಲರು ಬಂದರು. ಗಣಿ ಕಾಲೋನಿಯ ಸಭೆಗೆ ಅವರು ಹೊಸ ಪಾಲಕರು, ಅಂದರೆ ಪಾದ್ರಿಗಳು. ಮುಖ ಬಾಡಿತ್ತು.

"ಗುರುಗಳೇ, ಮುನಿವೆಂಕಟಪ್ಪನವರೆಂದು ಒಬ್ಬರಿದ್ದಾರೆ. ಗಣಿಯ ದೂಳಿನಿಂದ ಎದೆ ಕೆಟ್ಟಿದೆ. ದೀಕ್ಷಾಸ್ನಾನ ಬೇಕೆಂದು ಅಂಗಲಾಚುತ್ತಾರೆ. ಕೆರೆಗಿಳಿಸಿದರೆ ಜೀವ ಉಳಿಯುವುದಿಲ್ಲ. ಮುಳುಗಿಸದೆ ಆಗದೆಂದು ಹೇಳಿ ಬಂದೆ. ಕಲಿಸಿದವರು ತಾವೇ ಅಲ್ಲವೇ?"

"ಹೌದು, ನಾನೇ ಕಲಿಸಿದ್ದು" ಎಂದ ಗುರುಗಳು ಕೈ ತೊಳೆದುಕೊಂಡು, "ನಡೆಯಿರಿ, ಹೋಗೋಣ" ಎಂದು ಹೊರಟೇಬಿಟ್ಟರು.

ಮುನಿವೆಂಕಟಪ್ಪನವರು ದಿಂಬುಗಳಿಗೆ ಒರಗಿ ಕುಳಿತಿದ್ದರು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಮೊದಲೇ ಸಭೆ ಸೇರಿದ್ದ ಪತ್ನಿ ಚೌಡಮ್ಮ ಬೆನ್ನು ನೀವುತ್ತಿದ್ದರು.

"ಅಯ್ಯನೋರೆ, ನೀರಿಗಿಳೀದಿದ್ರೆ ಯೇಸಪ್ಪ ನನ್ನ ಒಪ್ಕೊಳಲ್ವಾ?"

ಗುರುಗಳು ಮಂಚದ ಬಳಿ ನೆಲದಲ್ಲೇ ಕುಳಿತರು. "ತಾವು ಕರ್ತರನ್ನು ನಂಬಿದ್ದೀರಾ?"

"ನಂಬಿವ್ನಿ."

"ಹಾಗಾದರೆ ಅವರು ಒಪ್ಪಿಕೊಂಡಾಯಿತು. ಸಭೆ ಒಪ್ಪುವುದೊಂದು ಬಾಕಿ. ಅದಕ್ಕೇ ನಾವು ಬಂದಿದ್ದೇವೆ."

ಚೌಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಒಲೆ ಹೊತ್ತಿಸಿದರು. ನೀರು ಬೆಚ್ಚಗಾದ ಮೇಲೆ ಗುರುಗಳು ಚೊಂಬನ್ನು ಶಿಷ್ಯರ ಕೈಗಿತ್ತರು.

"ನಾನೇ?" ಎಂದರು ಥಿಯೋಫಿಲರು.

"ಇವರ ಪಾಲಕರು ನೀವಲ್ಲವೇ?"

ಥಿಯೋಫಿಲರು ಮಂಚದ ಬಳಿಗೆ ಬಂದರು. ಪಿತನ, ಪುತ್ರನ, ಪವಿತ್ರಾತ್ಮನ ನಾಮದಲ್ಲಿ ಅವರು ಆ ನರೆತ ತಲೆಯ ಮೇಲೆ ಮೆಲ್ಲಗೆ ನೀರೆರೆದರು. ಗುರುಗಳು ತಮ್ಮ ಹೆಗಲ ವಸ್ತ್ರದಿಂದ ಕಿವಿಯ ಹಿಂದೆಯೂ ಒರೆಸಿದರು. ಮುನಿವೆಂಕಟಪ್ಪನವರು ಕೆಮ್ಮುತ್ತಲೇ ನಕ್ಕರು.

"ಚೌಡೀ, ನಾನೂ ನಿಮ್ಮೋನಾದೆ ಕಣೇ. ಒಂದಿಷ್ಟು ಕಾಫಿ ಕಾಸು, ಎಲ್ರಿಗೂ."

ಹಿಂತಿರುಗುವಾಗ ಥಿಯೋಫಿಲರು ಸಂಕೋಚದಿಂದ ಕೇಳಿದರು: "ತಮ್ಮ ಗ್ರಂಥವನ್ನು ತಿದ್ದಬೇಕಾಗುತ್ತದೆಯೇ?"

"ಬೇಡ. ಕೆರೆಗೆ ಬರಬಲ್ಲವರನ್ನು ಕೆರೆಗೇ ಕರೆದೊಯ್ಯಿರಿ. ಬರಲಾರದವರ ಬಳಿಗೆ ನೀವು ಹೋಗಿ."

ಮುನಿವೆಂಕಟಪ್ಪನವರು ಆ ಬೇಸಿಗೆ ಕಳೆಯುವ ಮುನ್ನ ಶಾಂತವಾಗಿ ಪ್ರಭುವಿನ ಸನ್ನಿಧಿ ಸೇರಿದರು. ಥಿಯೋಫಿಲರು ಆ ಸಭೆಯಲ್ಲೇ ಮುಪ್ಪಾದರು. ಹಾಸಿಗೆ ಹಿಡಿದವರಿದ್ದ ಮನೆಗಳಲ್ಲಿ ಅವರ ಚಪ್ಪಲಿಯ ಸದ್ದು ಎಲ್ಲರಿಗೂ ಗುರುತು. ಅದು ಕೇಳಿಸಿದರೆ ಸಾಕು, ಒಳಗಿದ್ದವರು ದಿಂಬು ಸರಿಪಡಿಸಿಕೊಂಡು, ನಗುಮುಖದಿಂದ ಎದ್ದು ಕೂರುತ್ತಿದ್ದರು.