ಮೇಲುವಸ್ತ್ರ ಹರಿದ ಕಾರಣ

ಸೂಪರ್‌ಹೀರೋ ಚಿತ್ರದ ಎರಡನೆಯ ಭಾಗಕ್ಕೂ ಹಳೆಯ ಕೆಂಪು ಮೇಲುವಸ್ತ್ರ ಮತ್ತು ಹಾರಿಸುವ ಹಗ್ಗವೇ ಬಂದವು. ನಾಯಕನ ಡ್ಯೂಪ್ ಚೆಲುವರಾಜು ಎರಡನ್ನೂ ಕಟ್ಟಿಕೊಂಡು ಅಟ್ಟಣೆಯ ಮೇಲೆ ನಿಂತ.

“ಅಕ್ಕಾ, ನನ್ನ ಒಳಎಳೆಗಳು ಕಡಿದಿವೆ. ಇವನ ಭಾರ ತಾಳಲಾರೆ,” ಎಂದು ಹಗ್ಗ ಮೇಲುವಸ್ತ್ರಕ್ಕೆ ಹೇಳಿತು.

“ಯಾರೂ ಪರೀಕ್ಷಿಸಲಿಲ್ಲವೆ?”

“ಪರದೆಯಲ್ಲಿ ಅಳಿಸಿಬಿಡುವ ಹಗ್ಗವನ್ನು ಯಾರು ನೋಡುತ್ತಾರೆ? ಎಲ್ಲರ ಕಣ್ಣೂ ನಿನ್ನ ಮೇಲೆ.”

“ನಾನು ಹರಿದರೆ ಹೊಸಬಳು ಬರುತ್ತಾಳೆ,” ಎಂದಿತು ಮೇಲುವಸ್ತ್ರ. ಬಳಿಕ ಅಟ್ಟಣೆಯ ಮೊಳೆಗೆ ಸಿಕ್ಕಿಕೊಂಡು ಪರ್ರೆಂದು ಹರಿಯಿತು.

ಚಿತ್ರೀಕರಣ ನಿಂತಿತು. ವಸ್ತ್ರ ಬದಲಿಸಲೆಂದು ಹಗ್ಗ ಬಿಚ್ಚಿದ ಸಾಹಸ ನಿರ್ದೇಶಕರ ಬೆರಳಿಗೆ ಎಳೆ ಕಡಿದ ಜಾಗ ಸಿಕ್ಕಿತು. ಚೆಲುವರಾಜು ಹೊಸ ಹಗ್ಗದಲ್ಲಿ, ಹೊಸ ವಸ್ತ್ರದಲ್ಲಿ ಹಾರಿದ.

“ನಿನ್ನ ಎರಡನೆಯ ಭಾಗ ಹೋಯಿತಲ್ಲ, ಅಕ್ಕಾ?” ಎಂದು ಮೂಲೆಯಲ್ಲಿದ್ದ ಹಗ್ಗ ಕೇಳಿತು.

“ಸುಮ್ಮನಿರು. ಅವನು ನೆಲಕ್ಕೆ ಕಾಲೂರುವುದನ್ನು ನೋಡೋಣ.”