ನೆಲ ಸಮ ಮಾಡಿಸಿದ ಬಡಿಗ

"ಅಜ್ಜಾರ, ನಾ ಹೆಡ್‌ಮಾಸ್ತರ ಆಗಿ ಎರಡು ವರ್ಷ ಆತು. ಅವತ್ತಿನಿಂದ ನನ್ನ ಹಳೇ ಗೆಳೆಯ ಮೊದಲಿನಂಗ ಮಾತಾಡೂದಿಲ್ಲ. ನನ್ನ ಖೋಲ್ಯಾಗ ಅವಗೂ ನನ್ನಂಥಾದ ಕುರ್ಚಿ ಹಾಕಿಸೀನಿ. ಇನ್ನೇನು ಮಾಡಬೇಕ್ರಿ?"

ಹೀಗೆ ಕೇಳಿದವನು ಫಕೀರೇಶ. ಅವನೂ ಆ ಗೆಳೆಯನೂ ಒಂದೇ ಶಾಲೆಯಲ್ಲಿ ಇಪ್ಪತ್ತು ವರ್ಷ ಪಾಠ ಹೇಳಿದವರು. ಮಠದ ಅಜ್ಜಾರು ಒಂದು ಕತೆ ಹೇಳಿದರು.

ಒಬ್ಬ ಬಡಿಗನಿದ್ದ. ಅವನ ಮನೆ ಇಳಿಜಾರಿನಲ್ಲಿ ಕಟ್ಟಿದ್ದು. ಬಾಗಿಲು ದಾಟಿದರೆ ಕೆಳಗಿನ ಅಂಕಣ, ಅಲ್ಲಿ ಅವನ ಕೆಲಸ. ಅಲ್ಲಿಂದ ನಾಲ್ಕು ಮೆಟ್ಟಿಲು ಹತ್ತಿದರೆ ಹೆಂಡತಿಯ ಒಲೆ. ನಡುವೆ ಗೋಡೆ ಇರಲಿಲ್ಲ. ಅವನು ಕೆಳಗೆ ಮೇಜಿನ ಮುಂದೆ ನಿಂತು ಹಲಗೆ ಕೀಸುತ್ತಿದ್ದ. ಅವಳು ಮೇಲಿನ ನೆಲದಲ್ಲಿ ಕೂತು ರೊಟ್ಟಿ ಬಡಿಯುತ್ತಿದ್ದಳು. ನಿಂತವನ ಮುಖವೂ ಕೂತವಳ ಮುಖವೂ ಎದುರುಬದುರಾಗುತ್ತಿದ್ದವು.

ಎದುರಿಗೆ ಮುಖವಿದ್ದರೆ ಮಾತು ತಾನಾಗಿ ಬರುತ್ತದೆ. ಬಾಗಿಲ ಹಲಗೆ ಡೊಂಕಾಗಿದೆ ಎಂದು ಅವಳು ಕೂತಲ್ಲಿಂದಲೇ ಹೇಳಿಬಿಡುವಳು. ಅಳೆದು ನೋಡಿದರೆ ಅದು ಡೊಂಕಾಗಿಯೇ ಇರುತ್ತಿತ್ತು. ಸಾರು ಕುದಿದಾಗ ಸೌಟು ಚಾಚಿ ಅವನ ಅಂಗೈಗೆ ಒಂದು ತೊಟ್ಟು ಹಾಕುವಳು. ಅವನು ಚಪ್ಪರಿಸಿ ಉಪ್ಪು ಸಾಲದು ಎನ್ನುವನು. ಉಪ್ಪು ಸರಿಯಿದ್ದ ದಿನವೂ ಹಾಗೇ ಎನ್ನುವನು, ಅವಳಿಂದ ಬೈಸಿಕೊಳ್ಳದಿದ್ದರೆ ಅವನಿಗೆ ಊಟ ರುಚಿಸುತ್ತಿರಲಿಲ್ಲ. ಹದಿನೈದು ವರ್ಷ ಹೀಗೆ ಹೋಯಿತು. ತಾವು ಸುಖವಾಗಿದ್ದೇವೆ ಎಂದು ಇಬ್ಬರಿಗೂ ಗೊತ್ತಿರಲಿಲ್ಲ. ಅದೆಲ್ಲ ಗೊತ್ತಾಗುವುದು ಆಮೇಲೆ.

ಬಡಿಗ ಊರವರ ಮನೆಗಳನ್ನೆಲ್ಲ ಅಂದಗೊಳಿಸಿ ಬರುವವನು. ತನ್ನ ಮನೆಯ ಏರುತಗ್ಗು ಅವನ ಕಣ್ಣು ಚುಚ್ಚತೊಡಗಿತು. ಹೆಂಡತಿ ನೀರಿನ ಕೊಡ ಹೊತ್ತು ಮೆಟ್ಟಿಲು ಹತ್ತುವುದನ್ನು ಕಂಡು ಮನಸ್ಸು ಮರುಗಿತು. ಕಸುಬು ಬಲ್ಲವನಿಗೆ ಕನಿಕರ ಬಂದರೆ ಕೇಳಬೇಕೆ, ಮರುದಿನವೇ ಕೆಲಸ ಶುರುವಾಯಿತು. ಅವಳನ್ನು ಒಂದು ಮಾತು ಕೇಳಬೇಕೆಂದು ಮಾತ್ರ ಅವನಿಗೆ ತೋಚಲಿಲ್ಲ. ಮೇಲಿನ ನೆಲ ಅಗೆಸಿ ಕೆಳಗಿನದಕ್ಕೆ ಸಮ ಮಾಡಿಸಿದ. ನುಣುಪು ಕಲ್ಲು ಹಾಸಿಸಿದ. ಬೆಳಕಿಗೆ ದೊಡ್ಡ ಕಿಟಕಿ ಇಟ್ಟ. ಬಾಗಿಲಿನಿಂದ ಒಲೆಯ ತನಕ ಈಗ ಒಂದೇ ನೆಲ. ನೋಡಿದವರೆಲ್ಲ ಹೊಗಳಿದರು. ಹೆಂಡತಿಯೂ ಹೊಗಳಿದಳು.

ಆಮೇಲೆ ಮನೆಯಲ್ಲಿ ಮಾತು ಕಡಿಮೆಯಾಯಿತು. ಅವನು ನಿಂತು ಕೀಸುವಾಗ ಅವಳ ಬೈತಲೆ ಕಾಣುತ್ತಿತ್ತು. ಅವಳಿಗೆ ಅವನ ಮೊಣಕಾಲು ಕಾಣುತ್ತಿತ್ತು. ಸೌಟು ಚಾಚುವುದು ನಿಂತಿತು. ಸಾರು ತಟ್ಟೆಯಲ್ಲೇ ಬಂತು, ಉಪ್ಪು ಸರಿಯಾಗಿಯೇ ಇತ್ತು.

ಬಡಿಗ ಕಂಗಾಲಾದ. ಮನೆಯಲ್ಲೇ ಏನೋ ಕೊರತೆ ಉಳಿದಿರಬೇಕು ಎಂದು ಗೋಡೆಗೆ ಬಣ್ಣ ಬಳಿದ. ಹೊಸ ಕಪಾಟು ಮಾಡಿದ. ಕಿಟಕಿಯ ಚೌಕಟ್ಟಿಗೆ ಹೂಬಳ್ಳಿ ಕೆತ್ತಿದ. ಮನೆ ಚೆಂದವಾದಷ್ಟೂ ಹಳೆಯ ದಿನಗಳ ನೆನಪು ಹೆಚ್ಚಾಗಿ ಕಾಡಿತು. ಒಂದು ದಿನ ಬೇಕೆಂದೇ ಹಲಗೆಯನ್ನು ಡೊಂಕಾಗಿ ಕೊಯ್ದು ಕಾದ. ಅವಳು ಏನೂ ಅನ್ನಲಿಲ್ಲ. ಅವನಿಗೆ ಅಳು ಬಂತು.

ತನ್ನ ಮೇಲೆ ಸಿಟ್ಟೇ ಎಂದು ಕೊನೆಗೆ ಕೇಳಿಯೇಬಿಟ್ಟ. ಅವಳು ಹಿಟ್ಟಿನ ಕೈ ಒರೆಸಿಕೊಂಡಳು.

"ಸಿಟ್ಟೇನಿಲ್ಲ. ನಿಮ್ಮ ಮಾರಿ ನೋಡಬೇಕಂದ್ರ ಈಗ ಕುತ್ತಿಗಿ ಎತ್ತಬೇಕು. ಎತ್ತಿ ಮಾತಾಡಿದ್ರ ಏನೋ ಬೇಡಿಕೊಂಡಂಗ ಆಕ್ಕೈತಿ. ಅದಕ್ಕ ಸುಮ್ನಾಗೀನಿ."

ಅಜ್ಜಾರು ಅಷ್ಟಕ್ಕೇ ನಿಲ್ಲಿಸಿದರು. ಫಕೀರೇಶನಿಗೆ ತಡೆಯಲಾಗಲಿಲ್ಲ. ಹಾಗಾದರೆ ಬಡಿಗ ಆ ನೆಲವನ್ನು ಮತ್ತೆ ಎತ್ತರಿಸಿದನೇ ಎಂದು ಕೇಳಿದ.

"ಇಲ್ಲಪ್ಪಾ. ಕೈಯಾಗಿನ ಕೆಲಸ ಬಿಟ್ಟು ಹೋಗಿ, ಒಲಿ ಮುಂದ ಅಕಿ ಎದುರಿಗೆ ಕುಂತ."