ಲೇತಿನಲ್ಲಿ ಹುಟ್ಟಿದ ನಟ್ಟು

ಬ್ರಿಟಿಷರ ಕಾಲದ ಬೈಕೊಂದರ ಮೈಯಲ್ಲಿ ಇಂಗ್ಲೆಂಡಿನದಲ್ಲದ ಒಂದು ನಟ್ಟು ಸೋಮವಾರ ಬೆಳಿಗ್ಗೆ ಪತ್ತೆಯಾಗಿ, ಮೈಸೂರಿನ ಕರುಂಬಯ್ಯನವರ ಶೆಡ್ಡಿಗೆ ಸೂತಕ ತಗುಲಿತು. ಹಿಂದಿನ ದಿನದವರೆಗೂ ಆ ಬೈಕು ಬೇಕರಿಯೊಂದರ ಬ್ರೆಡ್ಡು ಹೊತ್ತು ಓಡುತ್ತಿತ್ತು. ಹಳೆಯ ಬೈಕುಗಳನ್ನು ಒರಿಜಿನಲ್ ಬಿಡಿಭಾಗಗಳಿಂದ ಮೊದಲಿನಂತೆ ಮಾಡುವ ಹುಚ್ಚಿದ್ದ ಕರುಂಬಯ್ಯ ಅದನ್ನು ಕೊಂಡು ತಂದಿದ್ದರು.

ನಟ್ಟು ಬಿಚ್ಚಿದಾಗ ಬೈಕು ಬೇಡಿಕೊಂಡಿತು: "ಸ್ವಾಮಿ, ಅದು ಬೇಕರಿಯ ಹಿಂದಿನ ಬೀದಿಯ ಲೇತಿನಲ್ಲಿ ಹುಟ್ಟಿದ್ದು ನಿಜ. ಆದರೆ ಮೂವತ್ತು ವರ್ಷ ನನ್ನ ಚಕ್ರ ಕಳಚದಂತೆ ಹಿಡಿದದ್ದು ಅದೇ. ದಯವಿಟ್ಟು ಹಾಕಿಬಿಡಿ, ನಾನು ಓಡಬೇಕು."

ಗೋಡೆಗೊರಗಿದ್ದ ಇನ್ನೊಂದು ಬೈಕು ಮೂಗು ಮುರಿಯಿತು. "ಛೀ, ಕುಲಗೋತ್ರ ಗೊತ್ತಿಲ್ಲದ್ದನ್ನೆಲ್ಲ ಮೈಗೆ ಹಚ್ಚಿಕೊಂಡಿದ್ದೀಯಲ್ಲ! ನನ್ನ ಒಂದೊಂದು ತಿರುಪೂ ಬರ್ಮಿಂಗ್‌ಹ್ಯಾಮಿನದು."

"ಹಾಗಾದರೆ ತಾವು ದಿನಕ್ಕೆ ಎಷ್ಟು ಮೈಲಿ ಓಡುತ್ತೀರಿ, ದೊಡ್ಡವರೇ?"

"ಓಡುವುದೇ? ನನಗೆ ಹತ್ತೊಂಬತ್ತು ವರ್ಷದಿಂದ ಒಂದು ಸ್ಪ್ರಿಂಗು ಬರಬೇಕಾಗಿದೆ. ಮರ್ಯಾದಸ್ಥರು ಕಾಯುತ್ತಾರೆ."

ಕರುಂಬಯ್ಯ ಕನ್ನಡಕ ಏರಿಸಿ ಮತ್ತೆ ಬಗ್ಗಿ ನೋಡಿದರು. ಕ್ಲಚ್ಚು ಲೋಕಲ್, ಚೈನು ಲೋಕಲ್, ಕಾರ್ಬ್ಯುರೇಟರ್ ಕೂಡ ಲೋಕಲ್. "ಪಾಪ, ನಿನಗೆ ಎಷ್ಟು ಅನ್ಯಾಯ ಮಾಡಿದ್ದಾರೆ!" ಎಂದು ಬೈಕಿನ ಟ್ಯಾಂಕು ಸವರಿದರು. "ಹೆದರಬೇಡ ಮರಿ, ನಿನ್ನನ್ನು ಶುದ್ಧ ಮಾಡುತ್ತೇನೆ."

"ಬೇಡ ಸ್ವಾಮಿ," ಎಂದಿತು ಬೈಕು. ಅಷ್ಟರಲ್ಲಿ ಎಂಜಿನ್ ಕೆಳಗಿಳಿದಿತ್ತು.

ಲೋಕಲ್ ಭಾಗಗಳೆಲ್ಲ ಗುಜರಿಗೆ ಹೋದವು. ಇಂಗ್ಲೆಂಡಿಗೆ ಪತ್ರ ಹೋಯಿತು. ಕಾರ್ಖಾನೆ ಮುಚ್ಚಿ ಐವತ್ತು ವರ್ಷವಾಯಿತೆಂದು ಉತ್ತರ ಬಂತು. ಈಗ ಶೆಡ್ಡಿನಲ್ಲಿ ಎರಡು ಬೈಕುಗಳು ನಿಂತಿವೆ.